ತಾತನ ಸಾಗುವಳಿ ಚೀಟಿ, ಎಸಿ ಕೋರ್ಟು, ಮತ್ತೆ ಲಾ ಓದ್ತಿರೋ ನಮ್ಮ ಮಕ್ಕಳು

ಪೋಸ್ಟ್ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ. ಮನೇಲಿ ಲಾ ಓದ್ತಿರೋ ಮಕ್ಕಳಿದ್ದರೆ ಅವರಿಗೂ ಓದಿಸಿ.

ಹೋದ ಭಾನುವಾರ ಒಂದು ಹುಡುಗಿ ಫೋನ್ ಮಾಡಿತ್ತು. ನಮ್ಮ ಪಕ್ಕದ ತಾಲ್ಲೂಕಿನ ಕೇರಿ ಹುಡುಗಿ, ಮೂರು ವರ್ಷದ ಎಲ್‌ಎಲ್‌ಬಿ ಕೊನೇ ವರ್ಷದಲ್ಲಿದೆ. "ಅಣ್ಣ, ಮುಂದೆ ಏನು ಮಾಡ್ಲಿ? ಎಲ್‌ಎಲ್‌ಎಂ ಮಾಡು ಅಂತಾರೆ, ಬೆಂಗಳೂರಿಗೆ ಹೋಗಿ ಹೈಕೋರ್ಟಲ್ಲಿ ಸೇರ್ಕೋ ಅಂತಾರೆ, ಜಡ್ಜ್ ಪರೀಕ್ಷೆ ಬರಿ ಅಂತಾರೆ" ಅಂತು. ನಾನು ತಕ್ಷಣ ಏನೂ ಹೇಳಲಿಲ್ಲ. ನಾನು ವಕೀಲ ಅಲ್ಲ. ಬಿಎ ಓದಿ ಒಂದು ಆಫೀಸಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಆಯ್ತು. ಕಡತ ಕಟ್ಟೋದು, ಟಪಾಲು ರಿಜಿಸ್ಟರಿಗೆ ಹತ್ತಿಸೋದು, ಪುಟ ಸಂಖ್ಯೆ ಹಾಕೋದು ನನ್ನ ಕೆಲಸ. ಆದರೆ ನಮ್ಮ ಮನೇಲಿ ಹದಿನೈದು ವರ್ಷ ನಡೆದ ಒಂದು ಕೇಸಿತ್ತು. ಆ ಹುಡುಗಿಗೆ ಕೊಡಬೇಕಾದ ಉತ್ತರ ಆ ಕೇಸಲ್ಲಿದೆ ಅಂತ ರಾತ್ರಿ ಅನ್ನಿಸ್ತು. ಅದಕ್ಕೇ ಬರೀತಿದೀನಿ.

ಮೊದಲು ಇತಿಹಾಸ. ನಮ್ಮ ಜನಕ್ಕೆ ಭೂಮಿ ಬಂದಿದ್ದು ಹೇಗೆ, ಹೋಗಿದ್ದು ಹೇಗೆ ಅಂತ ತಿಳೀದೆ ಕಾನೂನು ಓದಿದ್ರೆ ಅದು ಬರೀ ಸೆಕ್ಷನ್ ನಂಬರು.

ಮೈಸೂರು ಸಂಸ್ಥಾನದ ಕಾಲದಿಂದಲೂ ಸರ್ಕಾರಿ ಬೀಳು ಜಮೀನನ್ನು 'ಡಿಪ್ರೆಸ್ಡ್ ಕ್ಲಾಸ್' ಅಂತ ಕರೀತಿದ್ದ ನಮ್ಮ ಜನಕ್ಕೆ ದರಖಾಸ್ತಿನ ಮೇಲೆ ಮಂಜೂರು ಮಾಡೋ ಪದ್ಧತಿ ಇತ್ತು. ಪುಕ್ಕಟೆ, ಇಲ್ಲ ಕಡಿಮೆ ಬೆಲೆಗೆ. ಜೊತೆಗೆ ಒಂದು ಷರತ್ತು: ಇಷ್ಟು ವರ್ಷ ಪರಭಾರೆ ಮಾಡಬಾರದು. ಕಾಲಕಾಲಕ್ಕೆ ನಿಯಮ ಬದಲಾದ ಹಾಗೆ ವರ್ಷದ ಲೆಕ್ಕ ಬದಲಾಯ್ತು, ಕೆಲವು ಮಂಜೂರಾತಿಯಲ್ಲಿ ಯಾವತ್ತಿಗೂ ಮಾರೋ ಹಾಗಿರಲಿಲ್ಲ. ಷರತ್ತು ಹಾಕಿದ್ದಕ್ಕೆ ಕಾರಣ ಇತ್ತು. ಕೈಗೆ ಬಂದ ತುಂಡು ಭೂಮಿ ಒಂದು ಮದುವೆಗೋ, ಒಂದು ಕಾಯಿಲೆಗೋ, ಒಂದು ಬರಗಾಲಕ್ಕೋ ಊರಿನ ದೊಡ್ಡವರ ಪಾಲಾಗುತ್ತೆ ಅಂತ ಷರತ್ತು ಬರೆದವರಿಗೂ ಗೊತ್ತಿತ್ತು.

ಗೊತ್ತಿದ್ದರೂ ಹಾಗೇ ಆಯ್ತು. ನಮ್ಮ ತಾತನಿಗೆ 1962ರಲ್ಲಿ ಎರಡೂವರೆ ಎಕರೆ ಮಂಜೂರಾಯ್ತು. ಸಾಗುವಳಿ ಚೀಟಿಯಲ್ಲಿ 15 ವರ್ಷ ಪರಭಾರೆ ಮಾಡಬಾರದು ಅಂತ ಇತ್ತು. 1969ರಲ್ಲಿ ಅತ್ತೆ ಮದುವೆ ಬಂತು. ಊರಿನ ಯಜಮಾನರೊಬ್ಬರ ಹತ್ತಿರ ತಾತ ಸಾಲ ತಗೊಂಡ. ಅವರೇ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿದರು. ತಾತ ಅದನ್ನ ಭೋಗ್ಯದ ಪತ್ರ ಅಂದ್ಕೊಂಡಿದ್ದ. ಅದು ಶುದ್ಧ ಕ್ರಯಪತ್ರ. ಮಾರನೇ ವರ್ಷದಿಂದ ತಾತ ಅದೇ ಹೊಲಕ್ಕೆ ಕೂಲಿಗೆ ಹೋದ. ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ, ಓದ್ತಿರೋ ಅರ್ಧ ಜನಕ್ಕೆ ಇದು ಅವರ ಮನೆ ಕಥೆ ಅನ್ನಿಸುತ್ತೆ.

ಎಪ್ಪತ್ತರ ದಶಕದಲ್ಲಿ ಗಾಳಿ ಬದಲಾಯ್ತು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಗಲಾಟೆ, ಅದರ ಬೆನ್ನಲ್ಲೇ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿ. ಹಳ್ಳಿಹಳ್ಳಿಯಲ್ಲಿ ಭೂಮಿ ಪ್ರಶ್ನೆ ಎದ್ದಿತು. ದೇವರಾಜ ಅರಸರ ಸರ್ಕಾರ ಉಳುವವನಿಗೆ ಭೂಮಿ ಅಂತ ಭೂಸುಧಾರಣೆ ತಂದಿತ್ತು. ಆದರೆ ಗೇಣಿ ಕಾಗದವೂ ಇಲ್ಲದೆ ಕೂಲಿ ಮಾಡ್ತಿದ್ದ ನಮ್ಮವರಲ್ಲಿ ಹೆಚ್ಚಿನವರಿಗೆ ಅದರಿಂದ ಸಿಕ್ಕಿದ್ದು ಕಡಿಮೆ. ನಮಗೆ ನೇರವಾಗಿ ತಾಗಿದ ಕಾನೂನು ಬೇರೆ. ಅದೇ 1978ರ ಕರ್ನಾಟಕ ಅನುಸೂಚಿತ ಜಾತಿ ಮತ್ತು ಅನುಸೂಚಿತ ಬುಡಕಟ್ಟುಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಅಧಿನಿಯಮ. ನಾವೆಲ್ಲ ಪಿಟಿಸಿಎಲ್ ಅನ್ನೋದು ಅದನ್ನೇ. ಜಾರಿಗೆ ಬಂದಿದ್ದು 1979ರ ಜನವರಿ 1.

ಈ ಕಾಯ್ದೆ ಓದಿದರೆ ನಾಲ್ಕೈದು ಪುಟ. ಲಾ ಮಕ್ಕಳು ಇವತ್ತೇ ಓದಿ. 4ನೇ ಸೆಕ್ಷನ್ ಏನು ಹೇಳುತ್ತೆ? ಮಂಜೂರಾತಿ ಷರತ್ತು ಮುರಿದು ಮಾಡಿದ ಪರಭಾರೆ ಕಾಯ್ದೆ ಬರೋಕೆ ಮುಂಚೆ ಆಗಿರಲಿ, ಆಮೇಲೆ ಆಗಿರಲಿ, ಅದು ಶೂನ್ಯ. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗೇ ಇಲ್ಲ. 5ನೇ ಸೆಕ್ಷನ್ ಪ್ರಕಾರ ಅಸಿಸ್ಟೆಂಟ್ ಕಮಿಷನರ್, ಅಂದರೆ ಉಪವಿಭಾಗಾಧಿಕಾರಿ, ಜಮೀನನ್ನು ವಶಕ್ಕೆ ತಗೊಂಡು ಮೂಲ ಮಂಜೂರುದಾರನಿಗೆ ಇಲ್ಲ ಅವನ ವಾರಸುದಾರರಿಗೆ ವಾಪಸ್ ಕೊಡಬೇಕು. ಅರ್ಜಿ ಕೊಟ್ಟರೂ ಸರಿ, ಬೇರೆ ಯಾರಾದರೂ ಬರವಣಿಗೆಯಲ್ಲಿ ಮಾಹಿತಿ ಕೊಟ್ಟರೂ ಸರಿ, ಅಧಿಕಾರಿ ತಾನಾಗೇ ಶುರು ಮಾಡಿದರೂ ಸರಿ. ಇನ್ನೊಂದು ದೊಡ್ಡ ಮಾತಿದೆ: ಮಂಜೂರಾದ ಜಮೀನು ಬೇರೆಯವರ ಕೈಯಲ್ಲಿ ಇದ್ದರೆ, ಅದು ಶೂನ್ಯವಾದ ಪರಭಾರೆಯಿಂದಲೇ ಬಂತು ಅಂತ ಭಾವಿಸಬೇಕು, ಅಲ್ಲ ಅಂತ ತೋರಿಸೋ ಹೊಣೆ ಅವರದು. ಸಾಕ್ಷಿ ಹೊರೆ ಬಡವನ ಹೆಗಲಿಂದ ಇಳಿಸಿ ಎದುರಿನವನ ಹೆಗಲಿಗೆ ಹಾಕಿದ ಕಾನೂನು ಇದು.

ಸುಮ್ಮನಿರ್ತಾರಾ? ಕೊಂಡವರು ಕೋರ್ಟಿಗೆ ಹೋದರು. ದುಡ್ಡು ಕೊಟ್ಟು ಕೊಂಡ ಜಮೀನು ಹಿಂದಿನ ತಾರೀಕಿನಿಂದ ಕಿತ್ಕೊಳ್ಳೋದು ಸಂವಿಧಾನಕ್ಕೆ ವಿರುದ್ಧ ಅಂತ ವಾದ. 1984ರಲ್ಲಿ ಮಂಚೇಗೌಡ ಕೇಸಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆ ಎತ್ತಿಹಿಡೀತು. ಷರತ್ತಿದ್ದ ಜಮೀನು ಕೊಂಡವನಿಗೆ ಅದು ಯಾವತ್ತಾದರೂ ಕೈತಪ್ಪಬಹುದಾದ ಹಕ್ಕು ಅನ್ನೋದು ಮೊದಲಿಂದ ಇದ್ದದ್ದೇ ಅಂತು. ಆದರೆ ಒಂದು ಸಂದಿಯನ್ನೂ ಬಿಡ್ತು. ಕಾಯ್ದೆ ಬರೋಕೆ ಮುಂಚೆಯೇ ಕೊಂಡವನು ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪೂರ್ತಿ ಮಾಡ್ಕೊಂಡಿದ್ದರೆ ಅವನಿಗೆ ಕಾಯ್ದೆ ತಾಗಲ್ಲ. ಎಷ್ಟು ವರ್ಷ ಅನುಭವದಲ್ಲಿರಬೇಕು, 12 ವರ್ಷವೋ 30 ವರ್ಷವೋ ಅನ್ನೋ ಪ್ರಶ್ನೆ 1994ರ ಹುಚ್ಚೇಗೌಡ ಕೇಸಲ್ಲಿ ಚರ್ಚೆಗೆ ಬಂತು. 1995ರಲ್ಲಿ ಚಂದೇವರಪ್ಪ ಕೇಸಲ್ಲಿ ನ್ಯಾಯಮೂರ್ತಿ ಕೆ. ರಾಮಸ್ವಾಮಿ ಅವರು ಇದನ್ನು ಆರ್ಥಿಕ ನ್ಯಾಯದ ಪ್ರಶ್ನೆ ಅಂತ ನೋಡಿದರು. ಲಾ ಓದೋರು ಈ ಮೂರು ತೀರ್ಪನ್ನು ಗೈಡ್ ಪುಸ್ತಕದಲ್ಲಲ್ಲ, ಪೂರ್ತಿ ಪಠ್ಯದಲ್ಲಿ ಓದಬೇಕು.

ಕಾಯ್ದೆಯೊಳಗೇ ಇರೋ ಒಂದು ಬೇಲಿಯನ್ನೂ ಹೇಳಬೇಕು. 'ಮಂಜೂರಾದ ಜಮೀನು' ಅನ್ನೋ ವ್ಯಾಖ್ಯೆಯಲ್ಲಿ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಪಟ್ಟ ಜಮೀನನ್ನು ಹೊರಗಿಟ್ಟಿದಾರೆ. ಅಂದರೆ ತೋಟಿ, ತಳವಾರ, ನೀರಗಂಟಿ ಇನಾಮ್ತಿ. ಹೆಣ ಹೊತ್ತು, ಡಂಗುರ ಸಾರಿ, ಕೆರೆ ತೂಬು ಕಾದು ಪಡೆದ ಭೂಮಿ ಈ ಕಾಯ್ದೆಗೆ ಬರಲ್ಲ, ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಇದೆ. ಎಷ್ಟೋ ಜನ ಇನಾಮ್ತಿ ಜಮೀನಿಗೆ ಪಿಟಿಸಿಎಲ್ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆದು ಸೋತಿದಾರೆ. ಮೊದಲ ದಿನವೇ ಸಾಗುವಳಿ ಚೀಟಿ ಓದೋಕೆ ಬರೋ ವಕೀಲ ಸಿಕ್ಕಿದ್ದರೆ ಆ ಅಲೆದಾಟ ಇರ್ತಿರಲಿಲ್ಲ.

ಈಗ ನಮ್ಮ ಕೇಸು. ತಾತ ತೀರಿಕೊಂಡ ಮೇಲೆ 2004ರಲ್ಲಿ ಅಪ್ಪ ಎಸಿ ಕೋರ್ಟಿಗೆ ಅರ್ಜಿ ಹಾಕಿದ. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎಸಿ ಕೋರ್ಟು ಅಂದರೆ ಸಿನಿಮಾದಲ್ಲಿ ತೋರಿಸೋ ಕೋರ್ಟಲ್ಲ. ಆಫೀಸಿನ ಒಂದು ಹಾಲು, ವಾರಕ್ಕೆ ಒಂದೋ ಎರಡೋ ದಿನ ಕಲಾಪ. ಸಾಹೇಬರಿಗೆ ಎಲೆಕ್ಷನ್ ಡ್ಯೂಟಿ, ಮಂತ್ರಿ ಪ್ರವಾಸ, ಮೀಟಿಂಗು ಅಂತ ಇದ್ದರೆ ಅದೂ ಇಲ್ಲ, ಬೋರ್ಡಿನ ಮೇಲೆ ಮುಂದಿನ ತಾರೀಕು ಬರೆದು ಅಂಟಿಸ್ತಾರೆ. ಅಪ್ಪ ಆ ತಾರೀಕನ್ನು ಬೀಡಿ ಕಟ್ಟಿನ ಮೇಲೆ ಬರ್ಕೊಂಡು ಬರ್ತಿದ್ದ. 2007ರಲ್ಲಿ ಆದೇಶ ನಮ್ಮ ಕಡೆ ಆಯ್ತು. 1969ರಿಂದ 1979ಕ್ಕೆ ಹತ್ತೇ ವರ್ಷ, ಪ್ರತಿಕೂಲ ಸ್ವಾಧೀನದ ಮಾತೇ ನಿಲ್ಲಲ್ಲ. ಎದುರಿನವರು ಡಿಸಿ ಕೋರ್ಟಿಗೆ ಅಪೀಲು ಹೋದರು, 2010ರಲ್ಲಿ ಅಲ್ಲೂ ನಮ್ಮ ಕಡೆಯೇ ಆಯ್ತು. ಅವರು ಹೈಕೋರ್ಟಿಗೆ ರಿಟ್ ಹಾಕಿ ತಡೆಯಾಜ್ಞೆ ತಂದರು. ಕಡತ ಬೆಂಗಳೂರಿಗೆ ಹೋಯ್ತು, ಹೊಲ ಅವರ ಹತ್ತಿರವೇ ಉಳೀತು.

2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಬಂತು. ಆ ಕೇಸಲ್ಲಿ ಕಾಯ್ದೆ ಬಂದು ಸುಮಾರು 25 ವರ್ಷ ಆದ ಮೇಲೆ ಅರ್ಜಿ ಹಾಕಿದ್ದರು. ಕಾಯ್ದೆಯಲ್ಲಿ ಕಾಲಮಿತಿ ಹೇಳದೇ ಇದ್ದರೂ ಸಮಂಜಸ ಅವಧಿಯೊಳಗೆ ಬರಬೇಕು ಅಂತ ಕೋರ್ಟು ಹೇಳ್ತು. ಅದೇ ಡಿಸೆಂಬರಿನಲ್ಲಿ ವಿವೇಕ್ ಹಿಂದುಜಾ ಕೇಸಲ್ಲೂ ಅದೇ ಮಾತು. ಇವೆರಡು ತೀರ್ಪು ಬಂದಿದ್ದೇ, ಹೈಕೋರ್ಟಿನಲ್ಲಿ ಬಾಕಿ ಇದ್ದ ನಮ್ಮವರ ಕೇಸುಗಳು ಒಂದೊಂದಾಗಿ ಬಿದ್ದವು. ಷರತ್ತು ಮುರಿದಿದಾರಾ ಇಲ್ಲವಾ ಅನ್ನೋ ಪ್ರಶ್ನೆ ಹಿಂದೆ ಸರೀತು. ಯಾಕೆ ತಡವಾಗಿ ಬಂದೆ ಅನ್ನೋದೇ ಪ್ರಶ್ನೆ ಆಯ್ತು. 2019ರಲ್ಲಿ ನಮ್ಮ ಆದೇಶವೂ ರದ್ದಾಯ್ತು. 1979ರಿಂದ 2004, ಇಪ್ಪತ್ತೈದು ವರ್ಷ, ವಿಳಂಬಕ್ಕೆ ವಿವರಣೆ ಇಲ್ಲ. ಅಪ್ಪ ಆ ದಿನ ಊಟ ಮಾಡಲಿಲ್ಲ. "ತಡ ಮಾಡಿದ್ದು ನಾವಾ?" ಅಂತ ಒಂದೇ ಮಾತು ಕೇಳಿದ. ರಿಟ್ ಅಪೀಲಿಗೆ ಹೋಗೋ ಶಕ್ತಿ ನಮಗಿರಲಿಲ್ಲ.

ಅಪ್ಪ 2021ರಲ್ಲಿ ಹೋದ. ತಿಥಿ ಆದ ಮೇಲೆ ಅವ್ವ ತಾತನ ಕಾಲದ ಕಬ್ಬಿಣದ ಟ್ರಂಕು ತೆಗೆದಳು. ಹಳೇ ಕಂದಾಯ ರಸೀತಿ, ನನ್ನ ಎಸ್‌ಎಸ್‌ಎಲ್‌ಸಿ ಫೋಟೊ, ಒಂದು ಪ್ಲಾಸ್ಟಿಕ್ ಕವರು. ಕವರಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಅರ್ಜಿ ನಕಲು. ತಾತನ ಹೆಬ್ಬೆಟ್ಟು. ಊರಿನ ಮೇಷ್ಟ್ರು ಯಾರೋ ಬರೆದುಕೊಟ್ಟ ಕೈಬರಹ. 'ನನಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಮೋಸದಿಂದ ಬರೆಸಿಕೊಂಡಿದ್ದಾರೆ, ಹೊಸ ಕಾಯಿದೆ ಪ್ರಕಾರ ವಾಪಸ್ ಕೊಡಿಸಬೇಕು.' ಮೂಲೆಯಲ್ಲಿ ಕಚೇರಿಯ ಗುಂಡು ಮೊಹರು, ಸಣ್ಣ ಸಹಿ, ತಾರೀಕು. ವರ್ಷ 1983.

ನಾನು ಗುಮಾಸ್ತ. ಆ ಮೊಹರಿನ ಅರ್ಥ ನನಗೆ ಗೊತ್ತು. ಟಪಾಲಿಗೆ ಬಂದ ಕಾಗದಕ್ಕೆ ಮೊಹರು ಬಿತ್ತು ಅಂದರೆ ಅದು ಕಚೇರಿ ಒಳಗೆ ಬಂತು ಅಂತ. ಅದಾದ ಮೇಲೆ ನಂಬರ್ ಕೊಡಬೇಕು, ಕಡತ ತೆರೀಬೇಕು, ನೋಟಿಸ್ ಹೊರಡಿಸಬೇಕು. ನಮ್ಮ ತಾತನಿಗೆ ಯಾವ ನೋಟಿಸೂ ಬರಲಿಲ್ಲ. ಆ ಕಾಗದ ಯಾವ ಟೇಬಲ್ ಕೆಳಗೆ ಕೂತಿತ್ತೋ. ಕಾಯ್ದೆ ಬಂದು ನಾಲ್ಕೇ ವರ್ಷಕ್ಕೆ ತಾತ ಅರ್ಜಿ ಕೊಟ್ಟಿದ್ದ. ಆದರೂ ಇಪ್ಪತ್ತೈದು ವರ್ಷ ತಡ ಅಂತ ನಮ್ಮ ಹೆಸರಿಗೆ ಬರೆಸ್ಕೊಂಡ್ವಿ. ಈ ಕಾಗದ ಎಸಿ ಕೋರ್ಟಿನ ಕಡತದಲ್ಲಿ ಒಂದು ಪುಟ ಆಗಿದ್ದಿದ್ದರೆ ಕೇಸು ಗೆಲ್ತಿದ್ವಿ ಅಂತ ನಾನು ಹೇಳಲ್ಲ. 'ವಿವರಣೆ ಇಲ್ಲ' ಅಂತ ಮಾತ್ರ ಬರೆಯೋಕೆ ಆಗ್ತಿರಲಿಲ್ಲ.

ನಮ್ಮ ವಕೀಲರು ಕೆಟ್ಟವರಲ್ಲ. ಫೀಸಿಗೆ ಕಾಡಿದವರೂ ಅಲ್ಲ. ಆದರೆ ಅವರು ಒಂದು ಸಲವೂ "ಮನೇಲಿ ಹಳೇ ಕಾಗದ ಏನೇನಿದೆ, ಎಲ್ಲ ತಗೊಂಡು ಬನ್ನಿ" ಅನ್ನಲಿಲ್ಲ. ಅಪ್ಪನಿಗೆ ಅದು ಮುಖ್ಯ ಅಂತ ಗೊತ್ತಿರಲಿಲ್ಲ. ಕಡತ ಕಟ್ಟೋ ಕೆಲಸ ಮಾಡೋ ನಾನೂ ಕೇಳಲಿಲ್ಲ. ಆ ನೋವು ನನಗಿದೆ, ಅದನ್ನ ಬೇರೆಯವರ ಮೇಲೆ ಹಾಕಲ್ಲ.

ಮುಂದಿನ ಇತಿಹಾಸ ನಿಮಗೆಲ್ಲ ಗೊತ್ತು. ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಭೂಮಿ ಕಳ್ಕೊಂಡ ಕುಟುಂಬಗಳು ತಿಂಗಳುಗಟ್ಟಲೆ ಧರಣಿ ಕೂತವು. ಮಳೆ, ಬಿಸಿಲು, ಸೊಳ್ಳೆ. ನಾನೂ ರಜೆ ಹಾಕಿ ಹೋಗಿ ಕೂತಿದ್ದೆ. ಕೊನೆಗೆ 2023ರ ಜುಲೈನಲ್ಲಿ ತಿದ್ದುಪಡಿ ಆಯ್ತು. 5ನೇ ಸೆಕ್ಷನ್ನಿಗೆ ಎರಡು ಹೊಸ ಖಂಡ ಸೇರಿದವು: ಬೇರೆ ಯಾವ ಕಾನೂನಲ್ಲಿ ಏನೇ ಇದ್ದರೂ ಈ ಕಾಯ್ದೆ ಅನ್ವಯಿಸೋಕೆ ಕಾಲಮಿತಿ ಇಲ್ಲ, ಇದು ಎಲ್ಲ ಪ್ರಾಧಿಕಾರ ಮತ್ತು ನ್ಯಾಯಾಲಯಗಳಲ್ಲಿ ಬಾಕಿ ಇರೋ ಪ್ರಕರಣಗಳಿಗೂ ಅನ್ವಯ. ಆ ದಿನ ಸಿಹಿ ಹಂಚಿದ್ವಿ. ನಮ್ಮ ಕೇಸು ಬಾಕಿ ಇರಲಿಲ್ಲ, ಮುಗಿದುಹೋಗಿತ್ತು. ಆದರೂ ಹಂಚಿದೆ.

ಒಂದೇ ವರ್ಷ. 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಗೌರಮ್ಮ ಕೇಸಲ್ಲಿ ಏನು ಹೇಳ್ತು ಅಂದರೆ: ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ. ತಿದ್ದುಪಡಿ ತೆಗೆದುಹಾಕಿದ್ದು ಕಾಲಮಿತಿಯನ್ನು, ವಿಳಂಬದ ತತ್ವ ಹಾಗೇ ಇದೆ. ಓದಿ ನನಗೆ ಕಣ್ಣು ಕತ್ತಲೆ ಬಂದಂಗಾಯ್ತು. ಅಷ್ಟು ತಿಂಗಳ ಧರಣಿ ಮಾಡಿ ತಂದ ತಿದ್ದುಪಡಿ ಒಂದು ಪದದ ವ್ಯತ್ಯಾಸದಲ್ಲಿ ಸೋರಿಹೋಯ್ತು. ಬೀದಿಯಲ್ಲಿ ನಮ್ಮ ಜನ ಇದ್ದರು. ಕರಡು ಬರೆಯೋ ಮೇಜಿನ ಹತ್ತಿರ, 'ಕಾಲಮಿತಿ ಅಂತ ಮಾತ್ರ ಬರೆದರೆ ಸಾಲದು, ವಿಳಂಬ ಅನ್ನೋದನ್ನೂ ಸೇರಿಸಿ' ಅಂತ ಹಟ ಹಿಡಿಯೋಕೆ ನಮ್ಮ ಹತ್ತು ವಕೀಲರಿದ್ದಿದ್ದರೆ?

ಬಾಬಾಸಾಹೇಬರ ಮಹಾಡ್ ಬಗ್ಗೆ ನಾವು ಪ್ರತಿ ವರ್ಷ ಭಾಷಣ ಮಾಡ್ತೀವಿ. 1927ರ ಮಾರ್ಚ್ 20, ಚೌದಾರ್ ಕೆರೆ ನೀರು. ಆದರೆ ಅದರ ಇನ್ನೊಂದು ಅರ್ಧ ಹೇಳೋದು ಕಡಿಮೆ. ಸವರ್ಣರು ದಾವೆ ಹಾಕಿ ಡಿಸೆಂಬರಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಎರಡನೇ ಸಮಾವೇಶಕ್ಕೆ ಸಾವಿರಾರು ಜನ ಬಂದು ಕೂತಿದ್ದರು. ಬಾಬಾಸಾಹೇಬರು ಜನರನ್ನು ಒಪ್ಪಿಸಿ, ಕೆರೆ ಮುಟ್ಟದೆ, ಕೋರ್ಟಲ್ಲಿ ಹೋರಾಡೋ ದಾರಿ ಹಿಡಿದರು. ಕೆಳಗಿನ ಕೋರ್ಟಿನ ತೀರ್ಪು ಬಂದಿದ್ದು 1931ರಲ್ಲಿ. ಬಾಂಬೆ ಹೈಕೋರ್ಟಿನ ಕೊನೇ ತೀರ್ಪು 1937ರ ಮಾರ್ಚಿನಲ್ಲಿ. ಹತ್ತು ವರ್ಷ! ಗೆದ್ದಿದ್ದು ಯಾವುದರ ಮೇಲೆ? ಅಸ್ಪೃಶ್ಯರನ್ನು ಹೊರಗಿಡೋದು ಅನಾದಿ ಕಾಲದ ರೂಢಿ ಅಂತ ಎದುರಿನವರು ವಾದಿಸಿದ್ದರು, ಅದನ್ನ ಸಾಬೀತು ಮಾಡೋಕೆ ಅವರ ಕೈಲಿ ಆಗಲಿಲ್ಲ. ಸಾಕ್ಷಿಯ ಮೇಲೆ ಗೆದ್ದ ಕೇಸು ಅದು. ಕೆರೆ ದಂಡೆಯಲ್ಲಿ ನಿಂತ ನಾಯಕ, ಕಾಗದದ ಮುಂದೆ ಹತ್ತು ವರ್ಷ ಕೂತ ವಕೀಲ, ಇಬ್ಬರೂ ಒಬ್ಬರೇ.

ಈಗ ಆ ಹುಡುಗಿಗೆ, ಅವಳ ಹಾಗೆ ಓದ್ತಿರೋ ಎಲ್ಲರಿಗೂ ನನಗೆ ತಿಳಿದಷ್ಟು ಹೇಳ್ತೀನಿ.

ಒಂದು. ದುಡ್ಡಿಲ್ಲ ಅಂತ ನೋಂದಣಿ ಮುಂದೆ ಹಾಕಬೇಡಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಕೇಸಲ್ಲಿ ಸ್ಪಷ್ಟ ಹೇಳಿದೆ: ವಕೀಲರ ಪರಿಷತ್ತಿನ ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿ ಮೀರಬಾರದು. ಅದಕ್ಕೆ ಮುಂಚೆ ರಾಜ್ಯ ರಾಜ್ಯದಲ್ಲಿ ಸಾವಿರಗಟ್ಟಲೆ ತಗೊಳ್ತಿದ್ದರು. ನೋಂದಣಿ ಆದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು, ಅದನ್ನೂ ಸದರ ಮಾಡಬೇಡಿ.

ಎರಡು. ಮೊದಲ ಎರಡು ಮೂರು ವರ್ಷ ಕೈಗೆ ದುಡ್ಡು ಬರಲ್ಲ. ಸೀನಿಯರ್ ಬಸ್ ಚಾರ್ಜು ಕೊಟ್ಟರೆ ದೊಡ್ಡದು. ನಮ್ಮ ಮಕ್ಕಳು ಪ್ರಾಕ್ಟೀಸ್ ಬಿಡೋದು ಇದೇ ಹೊತ್ತಲ್ಲಿ. ಸಮಾಜ ಕಲ್ಯಾಣ ಇಲಾಖೆಯಲ್ಲಿ ಎಸ್‌ಸಿ ಕಾನೂನು ಪದವೀಧರರಿಗೆ ವಕೀಲರ ಹತ್ತಿರ ತರಬೇತಿ ಪಡೆಯೋಕೆ ಮಾಸಿಕ ಭತ್ಯೆ ಯೋಜನೆ ಇದೆ. ಜಿಲ್ಲಾ ಕಚೇರಿಗೆ ಹೋಗಿ ಅರ್ಜಿ ಯಾವಾಗ ಕರೀತಾರೆ ಕೇಳಿ. ಕೊಟ್ಟ ಅರ್ಜಿಗೆ ಸ್ವೀಕೃತಿ ತಗೊಳ್ಳಿ. ಸ್ವೀಕೃತಿ ಯಾಕೆ ಅಂತ ಇನ್ನು ನಾನು ಹೇಳಬೇಕಾಗಿಲ್ಲ.

ಮೂರು. ಜಡ್ಜ್ ಆಗಬೇಕು ಅನ್ನೋರು ಕೇಳಿ. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಬೇಕು ಅಂತ ಹೇಳಿದೆ. ಕಾಲೇಜಿಂದ ನೇರ ಕೋಚಿಂಗಿಗೆ ಹೋಗಿ ಬರೆಯೋ ಕಾಲ ಹೋಯ್ತು. ನಮ್ಮ ಬಡ ಮಕ್ಕಳಿಗೆ ಇದು ಹೊರೆ ಅಂತ ನನಗೂ ಸಿಟ್ಟಿದೆ. ಆದರೆ ಹೇಗೂ ಮೂರು ವರ್ಷ ಪ್ರಾಕ್ಟೀಸ್ ಮಾಡಲೇಬೇಕು ಅಂದ ಮೇಲೆ ಎಲ್ಲಿ ಮಾಡ್ತೀರಿ ಅನ್ನೋದು ನಿಮ್ಮ ಕೈಲಿದೆ.

ನಾಲ್ಕು, ಇದೇ ಮುಖ್ಯ. ಅದರಲ್ಲಿ ಒಂದಿಷ್ಟು ಕಾಲ ನಿಮ್ಮ ಉಪವಿಭಾಗದ ಎಸಿ ಕೋರ್ಟಲ್ಲಿ ಕಳೀರಿ. ಅಲ್ಲಿಗೆ ದೊಡ್ಡ ವಕೀಲರು ಬರಲ್ಲ, ಹೆಸರೂ ಬರಲ್ಲ. ಆದರೆ ಹೈಕೋರ್ಟು, ಸುಪ್ರೀಂ ಕೋರ್ಟು ಆಮೇಲೆ ಓದೋ ದಾಖಲೆ ತಯಾರಾಗೋದು ಅಲ್ಲೇ. ಅಲ್ಲಿ ಸೇರದ ಕಾಗದವನ್ನ ಮೇಲೆ ಹೋಗಿ ಸೇರಿಸೋದು ಬಹಳ ಕಷ್ಟ. ಕಲೀಬೇಕಾದ್ದು ಇಷ್ಟು: ಹಳೇ ಕೈಬರಹದ ಸಾಗುವಳಿ ಚೀಟಿ ಓದೋದು, ಮಂಜೂರಾತಿ ಕಡತ ಮತ್ತು ದರಖಾಸ್ತು ರಿಜಿಸ್ಟರಿನ ದೃಢೀಕೃತ ನಕಲು ತೆಗೆಸೋದು, ಪಹಣಿಯ ಹಿಂದಿನ ವರ್ಷಗಳನ್ನು ಸಾಲಾಗಿ ಜೋಡಿಸೋದು, ಮ್ಯುಟೇಶನ್ ಯಾವ ಆಧಾರದ ಮೇಲೆ ಆಯ್ತು ನೋಡೋದು. ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡೋ 'ಭೂ ಸುರಕ್ಷಾ' ಕೆಲಸ ನಡೀತಿದೆ, ಅದರಲ್ಲಿ ಹುಡುಕಿ. ಸಿಗದಿದ್ದರೆ ಮಾಹಿತಿ ಹಕ್ಕಲ್ಲಿ ಕೇಳಿ, 'ಕಡತ ಲಭ್ಯವಿಲ್ಲ' ಅಂತ ಬರವಣಿಗೆಯಲ್ಲಿ ಬಂದರೆ ಅದನ್ನೂ ಸಾಕ್ಷಿಯಾಗಿ ಹಾಕಿ.

ಐದು. ಅರ್ಜಿಯ ಮೊದಲ ಪುಟದಲ್ಲೇ ತಡ ಯಾಕಾಯ್ತು ಅಂತ ಬರೀರಿ. ಕಾಲಮಿತಿ ಇಲ್ಲ ಅಂತ ಸೆಕ್ಷನ್ ತೋರಿಸಿ ಸುಮ್ಮನಾಗಬೇಡಿ. ಓದು ಬರಹ ಇರಲಿಲ್ಲ, ಜೀತಕ್ಕಿದ್ದರು, ಊರಲ್ಲಿ ಬಹಿಷ್ಕಾರದ ಹೆದರಿಕೆ ಇತ್ತು, ಹಿಂದೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ, ಏನಿದೆಯೋ ಅದನ್ನ ತಾರೀಕು ಸಮೇತ ಬರೀರಿ. ಬದುಕಿರೋ ಮುದುಕರ ಪ್ರಮಾಣಪತ್ರ ಹಾಕಿ. ಅವರು ಹೋದ ಮೇಲೆ ಹೇಳೋರು ಇರಲ್ಲ.

ಆರು. ಭೂಮಿ ಕಿತ್ಕೊಂಡರೆ, ಅನುಭವಕ್ಕೆ ಅಡ್ಡಿ ಮಾಡಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಅದರ 15ಎ ಸೆಕ್ಷನ್ ಸಂತ್ರಸ್ತರಿಗೆ ವಿಚಾರಣೆ ತಿಳಿಯೋ, ಮಾತಾಡೋ ಹಕ್ಕು ಕೊಟ್ಟಿದೆ. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗ್ತಾರೆ. ಆ ಪ್ಯಾನಲ್ಲಿಗೆ ನೀವೇ ಅರ್ಜಿ ಹಾಕಿ ಸೇರಿ.

ಎಲ್‌ಎಲ್‌ಎಂ ಬೇಡ, ಹೈಕೋರ್ಟಿಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ, ಜಡ್ಜೂ ಆಗಿ. ವಿಳಂಬಕ್ಕೂ ಕಾಲಮಿತಿಗೂ ಇರೋ ವ್ಯತ್ಯಾಸ ಆ ಕುರ್ಚಿಯಲ್ಲಿ ಕೂತು ಯೋಚನೆ ಮಾಡೋಕೂ ನಮ್ಮವರು ಬೇಕು. ಆದರೆ ಕೆಳಗೆ ಕಾಗದ ಜೋಡಿಸಿಕೊಡೋರು ಇಲ್ಲದೆ ಮೇಲೆ ಎಷ್ಟು ಚೆನ್ನಾಗಿ ವಾದ ಮಾಡಿದರೂ ನಿಲ್ಲಲ್ಲ. ಇದನ್ನ ನಾವು ಎರಡೂವರೆ ಎಕರೆ ಕೊಟ್ಟು ಕಲಿತಿದೀವಿ.

ಆ ಹುಡುಗಿಗೆ ನಿನ್ನೆ ವಾಪಸ್ ಫೋನ್ ಮಾಡಿದೆ. "ನೋಡಮ್ಮ, ಮುಂದಿನ ಶನಿವಾರ ಬಾ, ನಮ್ಮ ಕೇಸಿನ ಪೂರ್ತಿ ಕಡತ ಕೊಡ್ತೀನಿ. ಮೊದಲ ಪುಟದಿಂದ ಓದು. ಎಲ್ಲೆಲ್ಲಿ ಯಾವ ಕಾಗದ ಇರಬೇಕಿತ್ತು, ಯಾವುದು ಇಲ್ಲ, ಪಟ್ಟಿ ಮಾಡು" ಅಂದೆ. "ಆಯ್ತಣ್ಣ, 1983ರ ಆ ಅರ್ಜಿನೂ ನೋಡ್ಬೋದಾ?" ಅಂತು. ತೋರಿಸ್ತೀನಿ ಅಂದೆ.

ಕೊನೇದಾಗಿ ಓದ್ತಿರೋ ಎಲ್ಲರಲ್ಲೂ ಒಂದು ಕೇಳಿಕೆ. ಈ ವಾರ ಊರಿಗೆ ಹೋದಾಗ ಮನೆಯ ಟ್ರಂಕು, ಗಡಿಗೆ, ಜಂತೆಗೆ ಸಿಕ್ಕಿಸಿರೋ ಹಳೇ ಚೀಲ ಎಲ್ಲ ತೆಗೆದು ನೋಡಿ. ಮೊಹರು ಬಿದ್ದಿರೋ ಯಾವ ಕಾಗದವನ್ನೂ ಎಸೀಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ, ಫೋಟೊ ತೆಗೆದು ಇಟ್ಟುಕೊಳ್ಳಿ. ಸಾಗುವಳಿ ಚೀಟಿ ಓದೋಕೆ ಬರದಿದ್ದರೆ ಇನ್‌ಬಾಕ್ಸಿಗೆ ಕಳಿಸಿ. ನನಗೆ ಬಂದಷ್ಟು ಓದಿ ಹೇಳ್ತೀನಿ, ಉಳಿದದ್ದನ್ನ ನಮ್ಮ ಲಾ ಮಕ್ಕಳ ಕೈಲಿ ಓದಿಸ್ತೀನಿ.

ಜೈಭೀಮ್.